ಉರಿಮೂತ್ರಕ್ಕೆ ಆಂಟಿಬಯೋಟಿಕ್: ಮೊದಲ ಮಾತ್ರೆಗೆ ಮುನ್ನ ಮತ್ತು ನಂತರ

ಮೂತ್ರ ಮಾಡುವಾಗ ಉರಿ, ಮತ್ತೆ ಮತ್ತೆ ಹೋಗಬೇಕೆನ್ನುವ ಅವಸರ, ಕಿಬ್ಬೊಟ್ಟೆಯಲ್ಲಿ ನೋವು ಕಾಣಿಸಿಕೊಂಡರೆ ‘ಉಷ್ಣವಾಗಿದೆ’ ಎಂದು ಬಾರ್ಲಿ ನೀರು, ಎಳನೀರು ಕುಡಿದು ನೋಡುವುದು, ಕಡಿಮೆಯಾಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಹೇಳಿ ನಾಲ್ಕು ಮಾತ್ರೆ ತರುವುದು ನಮ್ಮಲ್ಲಿ ರೂಢಿ. ಬಾರ್ಲಿ ನೀರಿನಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ. ತೊಂದರೆ ಇರುವುದು ಆ ನಾಲ್ಕು ಮಾತ್ರೆಗಳಲ್ಲಿ.

ಇಂಥ ಉರಿ ತರುವ ಮೂತ್ರದ ಸೋಂಕಿಗೆ ಬಹುತೇಕ ಸಲ ಕಾರಣ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಭಾರತದಲ್ಲಿ ಇದರ ಅನೇಕ ತಳಿಗಳು ಆಂಟಿಬಯೋಟಿಕ್‌ಗಳಾದ ಸಿಪ್ರೊಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್‌ಗಳಿಗೆ ಈಗ ಬಗ್ಗುವುದಿಲ್ಲ. ಆದ್ದರಿಂದ ಕಳೆದ ಸಲ ಉಳಿದ ಮಾತ್ರೆಯಾಗಲಿ, ನೆರೆಯವರಿಗೆ ಗುಣ ಕೊಟ್ಟ ಮಾತ್ರೆಯಾಗಲಿ ನಿಮಗೂ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ. ಮಾತ್ರೆಗಳ ಸ್ಟ್ರಿಪ್ ಮೇಲಿನ ಕೆಂಪು ಗೆರೆ ವೈದ್ಯರ ಚೀಟಿಯಿಲ್ಲದೆ ಆ ಔಷಧ ಸೇವಿಸಬಾರದೆಂಬ ಎಚ್ಚರಿಕೆ.

ಆರೋಗ್ಯವಂತ ಯುವತಿಗೆ ಮೊದಲ ಬಾರಿ ಬಂದ ಸರಳ ಸೋಂಕಿಗೆ ವೈದ್ಯರು ಲಕ್ಷಣ ನೋಡಿಯೇ ಔಷಧ ಕೊಡಬಹುದು. ಆದರೆ ಗರ್ಭಿಣಿಯರು, ಗಂಡಸರು, ಮಕ್ಕಳು, ಸಕ್ಕರೆ ಕಾಯಿಲೆಯವರು ಮತ್ತು ಪದೇ ಪದೇ ಸೋಂಕಾಗುವವರು ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ) ಮಾಡಿಸಬೇಕು, ಅದರ ಮಾದರಿಯನ್ನು ಮೊದಲ ಮಾತ್ರೆ ನುಂಗುವ ಮುನ್ನವೇ ಕೊಡಬೇಕು. ಒಂದು ಮಾತ್ರೆ ಒಳಗೆ ಹೋದರೂ ಬ್ಯಾಕ್ಟೀರಿಯಾ ಬೆಳೆಯದೆ ವರದಿ ದಾರಿ ತಪ್ಪಿಸಬಹುದು. ಕೈ ಮತ್ತು ಮೂತ್ರದ್ವಾರದ ಸುತ್ತಲಿನ ಭಾಗವನ್ನು ನೀರಿನಿಂದ ತೊಳೆದು, ಮೊದಲು ಬರುವ ಸ್ವಲ್ಪ ಮೂತ್ರವನ್ನು ಹೋಗಲು ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಸ್ಟೆರೈಲ್ (ಕ್ರಿಮಿರಹಿತ) ಡಬ್ಬಿಗೆ ಹಿಡಿಯಿರಿ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ವರದಿಗೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಅದರಲ್ಲಿ ‘ಎಸ್’ ಎಂದಿರುವುದು ಕೆಲಸ ಮಾಡುವ ಔಷಧ, ‘ಆರ್’ ಎಂದಿರುವುದು ಮಾಡದ ಔಷಧ.

ಮೂತ್ರಕೋಶದ ಸರಳ ಸೋಂಕಿಗೆ ಹೆಚ್ಚಾಗಿ ಬರೆಯುವ ನೈಟ್ರೊಫ್ಯುರಾಂಟಾಯಿನ್ ಅನ್ನು ಸಾಮಾನ್ಯವಾಗಿ 100 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, 5 ದಿನ, ಊಟದ ಜೊತೆಗೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ ಹೆಚ್ಚು, ಔಷಧ ರಕ್ತಕ್ಕೆ ಸೇರುವುದೂ ಕಡಿಮೆ. ಮೂತ್ರ ಗಾಢ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕಿಡ್ನಿ ದುರ್ಬಲವಾಗಿರುವವರಿಗೆ ಮತ್ತು ಹೆರಿಗೆ ಸಮೀಪಿಸಿದವರಿಗೆ ಇದು ಸಲ್ಲದು. ಇವೆರಡನ್ನೂ ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಉರಿ ತಗ್ಗಿಸಲೆಂದು ಮೂತ್ರದ ಆಮ್ಲೀಯತೆ ಕಡಿಮೆ ಮಾಡುವ ಸಿಟ್ರೇಟ್ ಸಿರಪ್ ಕುಡಿಯುವವರು ಬಹಳ, ಆದರೆ ಅದು ಇದೇ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ. ಫಾಸ್ಫೊಮೈಸಿನ್ ಬರೆದಿದ್ದರೆ 3 ಗ್ರಾಂನ ಒಂದೇ ಪೊಟ್ಟಣವನ್ನು ನೀರಿನಲ್ಲಿ ಕರಗಿಸಿ, ರಾತ್ರಿ ಮೂತ್ರ ಮಾಡಿ ಬಂದು, ಖಾಲಿ ಹೊಟ್ಟೆಯಲ್ಲಿ ಕುಡಿದು ಮಲಗುವುದು ಒಳ್ಳೆಯದು.

ಉರಿ ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುತ್ತದೆ. ಇಳಿಯಿತೆಂದು ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿ ಎತ್ತಿಡಬೇಡಿ, ಹೇಳಿದಷ್ಟು ದಿನ ಮುಗಿಸಿ. ಇಳಿಯದಿದ್ದರೆ, ಕಲ್ಚರ್ ವರದಿಯಿದ್ದರೆ ಅದರೊಂದಿಗೆ, ವೈದ್ಯರ ಬಳಿಗೆ ಹೋಗಿ. ಚಳಿಜ್ವರ, ಪಕ್ಕೆ ಅಥವಾ ಬೆನ್ನಿನ ನೋವು, ವಾಂತಿ ಕಂಡರೆ ಸೋಂಕು ಕಿಡ್ನಿಗೆ ಏರಿರಬಹುದು, ಅದಕ್ಕೆ ಮೇಲಿನ ಎರಡೂ ಔಷಧಗಳು ಸಾಲವು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವಯಸ್ಸಾದವರಿಗೆ, ಅದರಲ್ಲೂ ಕ್ಯಾತಿಟರ್ (ಮೂತ್ರ ಹೊರಹೋಗಲು ಇಡುವ ನಳಿಕೆ) ಹಾಕಿಸಿಕೊಂಡವರಿಗೆ, ಯಾವ ತೊಂದರೆಯೂ ಇಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಗರ್ಭಿಣಿಯರು ಹಾಗೂ ಮೂತ್ರಾಂಗದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರನ್ನು ಬಿಟ್ಟರೆ, ಹೀಗೆ ತೊಂದರೆಯಿಲ್ಲದವರಿಗೆ ಬರೀ ವರದಿ ನೋಡಿ ಆಂಟಿಬಯೋಟಿಕ್ ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.