ನಿಮ್ಮ ಕಾದಂಬರಿ ತೆರೆಯ ಮೇಲೆ ಕಂಡರೆ

ಥಿಯೇಟರಿನಿಂದ ಹೊರಬಂದ ಸಿಟ್ಟಿನಲ್ಲೇ ಫೇಸ್‌ಬುಕ್ಕಿನಲ್ಲಿ ‘ನನ್ನ ಕಥೆ ಕದ್ದರು’ ಎಂದು ಬರೆಯಬೇಡಿ. ಹೋಲಿಕೆ ರುಜುವಾಗದಿದ್ದರೆ ಮಾನನಷ್ಟದ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಮೊದಲು ತಾಳೆಪಟ್ಟಿ ಮಾಡಿ.

ಉದ್ದ ಹಾಳೆಯಲ್ಲಿ ಮೂರು ಕಾಲಂ ಸಾಕು: ಪುಸ್ತಕದ ಪುಟ, ಸಿನಿಮಾದ ಗಂಟೆ-ನಿಮಿಷ, ಎರಡರಲ್ಲೂ ಒಂದೇ ಆಗಿರುವುದು ಏನು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿಯ ಮಗಳು ಅಪ್ಪನ ಸಾಲ ತೀರಿಸುತ್ತಾಳೆ ಅನ್ನುವುದು ಬರೀ ವಸ್ತು, ಅದು ಎಲ್ಲರದು. ಆದರೆ ನಿಮ್ಮ 84ನೇ ಪುಟದಲ್ಲಿ ಆಕೆ ಲೆಕ್ಕದ ವಹಿಯನ್ನು ಚೀಲದ ತಳದಲ್ಲಿ ಬಚ್ಚಿಡುತ್ತಾಳೆ, ಟೆಂಡರಿನ ದಿನ ಆ ಚೀಲವೇ ಮಾರಾಟವಾಗುತ್ತದೆ, ವಹಿ ಹುಡುಕಿಕೊಂಡು ಗದಗಿಗೆ ಹೋಗುತ್ತಾಳೆ. ಇದೇ ಸರಣಿ ತೆರೆಯ ಮೇಲೂ ಇದೇ ಕ್ರಮದಲ್ಲಿ ಬಂದರೆ ನಿಮ್ಮ ಕೈ ಬಲವಾಯಿತು. ನಿಮ್ಮ ತಪ್ಪುಗಳನ್ನೂ ಹುಡುಕಿ: ಇಲ್ಲದ ಊರಿನ ಹೆಸರು, ತಪ್ಪಿದ ತಿಥಿ. ಅವು ಸಿನಿಮಾದಲ್ಲೂ ಇದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಸಿಗುವುದು ಕಷ್ಟ.

ಆರ್.ಜಿ. ಆನಂದ್ ಪ್ರಕರಣದಲ್ಲಿ (1978), ತಮ್ಮ ನಾಟಕವನ್ನು ಕದ್ದು ಸಿನಿಮಾ ಮಾಡಿದರೆಂದು ದಾವೆ ಹೂಡಿದ ನಾಟಕಕಾರರು ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಇದೇ ಕಾರಣಕ್ಕೆ. ವಸ್ತು ಒಂದೇ ಇತ್ತು, ನಿರೂಪಣೆ ಬೇರೆ ಇತ್ತು. ಎರಡನ್ನೂ ಕಂಡ ಸಾಮಾನ್ಯ ಪ್ರೇಕ್ಷಕನಿಗೆ ನಕಲು ಎಂದು ನಿಸ್ಸಂದೇಹವಾಗಿ ಅನ್ನಿಸಬೇಕು ಎಂಬುದು ಅಲ್ಲಿ ಹಾಕಿಕೊಟ್ಟ ಅಳತೆ.

ಇನ್ನು ಕಾಗದಪತ್ರ. ಕೃತಿಸ್ವಾಮ್ಯ (ಕಾಪಿರೈಟ್) ಬರೆದ ಕ್ಷಣವೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ಹಸ್ತಪ್ರತಿಯನ್ನು ಯಾರಿಗಾದರೂ ಓದಲು ಕೊಡುವ ಮೊದಲೇ ನೋಂದಾಯಿಸಿ. ಹಸ್ತಪ್ರತಿ ಕಳಿಸಿದ ಇಮೇಲು, ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಪುಸ್ತಕ ಸಿನಿಮಾದವರ ಕೈ ಸೇರಿತ್ತು ಎಂದು ತೋರಿಸುವುದು ಅವೇ. ಪ್ರಕಾಶಕರ ಜೊತೆಗಿನ ಕರಾರಿನಲ್ಲಿ ‘ಎಲ್ಲ ಹಕ್ಕುಗಳು’ ಎಂದು ಸಹಿ ಮಾಡಿಬಿಟ್ಟಿದ್ದೀರಾ, ನೋಡಿ. ಬಹಳ ಮಂದಿ ಎಡವುವುದು ಇಲ್ಲೇ. ಹಕ್ಕು ವರ್ಗಾವಣೆಗೆ ಸಹಿಯಿರುವ ಬರಹ ಬೇಕೇ ಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ.

ಸಿನಿಮಾ ಹಕ್ಕು ಮಾರಿದ್ದರೂ ಕೃತಿಕಾರರೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕು ನಿಮ್ಮದೇ. ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಅದನ್ನು ಕಾಯುತ್ತದೆ. ಗೌರವಕ್ಕೆ ಧಕ್ಕೆಯಾಗುವಂತೆ ಕೃತಿಯನ್ನು ವಿರೂಪಗೊಳಿಸಿದರೂ ಅದೇ ಕಲಂ. ಹಾಗಾಗಿ ವಕೀಲರ ನೋಟಿಸಿನಲ್ಲಿ ‘ಮನ್ನಣೆ ಕೊಡಿ’ ಎಂದಷ್ಟೇ ಬರೆಸಬೇಡಿ. ಟೈಟಲ್ ಕಾರ್ಡಿನಲ್ಲಿ ಯಾವ ಸಾಲು, ಎಷ್ಟು ಸೆಕೆಂಡು, ಪೋಸ್ಟರಿನಲ್ಲೂ ಓಟಿಟಿಯಲ್ಲೂ ಬೇಕೇ, ಎಲ್ಲವನ್ನೂ ಬಿಡಿಸಿ ಬರೆಸಿ, ತಾಳೆಪಟ್ಟಿ ಲಗತ್ತಿಸಿ.

ಮಾತಿಗೆ ಬಗ್ಗದಿದ್ದರೆ ದಾವೆಗೆ 3 ವರ್ಷದ ಮಿತಿಯಿದೆ. ಬೆಂಗಳೂರಿಗೆ ಓಡಾಡುವ ಹಂಗಿಲ್ಲ: ಅದೇ ಕಾಯ್ದೆಯ 62ನೇ ಕಲಮಿನ ಪ್ರಕಾರ ಲೇಖಕರು ವಾಸವಿರುವ ಜಿಲ್ಲೆಯಲ್ಲೇ, ಧಾರವಾಡದವರು ಧಾರವಾಡದಲ್ಲೇ, ದಾವೆ ಹೂಡಬಹುದು. ತಡೆಯಾಜ್ಞೆ ಬೇಕಿದ್ದರೆ ಮಾತ್ರ ಟ್ರೇಲರ್ ಕಂಡ ವಾರದಲ್ಲೇ ವಕೀಲರನ್ನು ಕಾಣಿ. ಬಿಡುಗಡೆಯ ಹಿಂದಿನ ದಿನ ಹೋದರೆ, ಇಷ್ಟು ದಿನ ಏಕೆ ಸುಮ್ಮನಿದ್ದಿರಿ ಎಂಬುದೇ ನ್ಯಾಯಾಧೀಶರ ಮೊದಲ ಪ್ರಶ್ನೆ.