ಗಾಡಿಯೂ ರಸ್ತೆಯೂ ಮಾತಾಡುವ ಪೆಟ್ಟಿಗೆಗೆ ಸರ್ಟಿಫಿಕೇಟ್ ಪಡೆಯುವುದು ಹೇಗೆ?

ತಲಪಾಡಿ ಟೋಲ್‌ನಲ್ಲಿ ನಿಮ್ಮ ಫಾಸ್ಟ್ಯಾಗ್ ಯಾವ ಬ್ಯಾಂಕಿನದು ಎಂದು ಯಾರೂ ಕೇಳುವುದಿಲ್ಲ. ಗಾಡಿ ಕೆಎಲ್ 14 ಆಗಲಿ, ಕೆಎ 19 ಆಗಲಿ, ಗೇಟು ಏಳುತ್ತದೆ. ಟ್ಯಾಗ್ ಮಾಡಿದ ಕಂಪನಿ ಒಂದು, ಮೇಲಿರುವ ರೀಡರ್ ಮಾಡಿದ್ದು ಇನ್ನೊಂದು. ಎರಡೂ 865–867 ಮೆಗಾಹರ್ಟ್ಸ್‌ನಲ್ಲಿ ಒಂದೇ ನಿಯಮಕ್ಕೆ ತಲೆಬಾಗುತ್ತವೆ, ಅಷ್ಟೇ.

ಆದರೆ ಫಾಸ್ಟ್ಯಾಗ್ ಹೇಳುವುದು ತನ್ನ ನಂಬರ್ ಮಾತ್ರ. ಗಾಡಿಗೂ ಗಾಡಿಗೂ, ಗಾಡಿಗೂ ರಸ್ತೆಗೂ ರೇಡಿಯೊದಲ್ಲಿ ಮಾತು ನಡೆಸುವ ವಿ2ಎಕ್ಸ್ ಪೆಟ್ಟಿಗೆಯ ಬಾಯಿ ಜಾಸ್ತಿ. ಗಾಡಿಯೊಳಗಿನದು ತಾನೆಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ, ಯಾವ ಕಡೆ ಹೊರಟಿದ್ದೇನೆ ಎಂದು ಸೆಕೆಂಡಿಗೆ 10 ಸಲ ಸಾರುತ್ತದೆ. ರಸ್ತೆ ಬದಿಯದು ಸಿಗ್ನಲ್ ಯಾವಾಗ ಬದಲಾಗುತ್ತದೆ, ಮುಂದೆ ತಿರುವು ಹೇಗಿದೆ ಎಂದು ಹೇಳುತ್ತದೆ. ಇಂಥದ್ದೊಂದನ್ನು ಮಾಡಿ ಮಾರಲು ಹೊರಟ ನಮ್ಮೂರಿನ ಇಂಜಿನಿಯರಿಂಗ್ ಮಕ್ಕಳಿಗಾಗಿ ಈ ಬರಹ. ಇಲ್ಲಿ ಹೇಳುವುದು ಅಮೆರಿಕದ ದಾರಿ. ಅಲ್ಲಿ ಒಮ್ನಿಏರ್ ಎಂಬ ಒಕ್ಕೂಟ ಟೆಸ್ಟ್ ಕ್ರಮ ಗೊತ್ತುಮಾಡುತ್ತದೆ, ಅದು ಒಪ್ಪಿದ ಲ್ಯಾಬ್‌ಗಳು ಪರೀಕ್ಷೆ ನಡೆಸುತ್ತವೆ. ನಮ್ಮಲ್ಲಿ ತರಂಗಾಂತರ ಬಳಸಲು ಬೇಕಾದ ಅನುಮತಿ ಬೇರೆಯೇ ವಿಷಯ, ಅದಕ್ಕೆ ಟೆಲಿಕಾಂ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಬಾಗಿಲು ತಟ್ಟಬೇಕು.

ಮೊದಲು ರೇಡಿಯೊ ಆರಿಸಿ

ವೈಫೈ ವಂಶದ 802.11ಪಿ ಒಂದು, ಮೊಬೈಲ್ ವಂಶದ ಸಿ-ವಿ2ಎಕ್ಸ್ ಇನ್ನೊಂದು. ಎರಡೂ 5.9 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಇದ್ದರೂ ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಅಮೆರಿಕ 1999ರಲ್ಲಿ ಇದಕ್ಕೆಂದು 75 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತ್ತು. 2020ರಲ್ಲಿ ಅದನ್ನು 30ಕ್ಕೆ ಇಳಿಸಿ, ಸಿ-ವಿ2ಎಕ್ಸ್ ಕಡೆ ವಾಲಿತು. ಅಷ್ಟರೊಳಗೆ 802.11ಪಿಗೆ ದುಡ್ಡು ಸುರಿದಿದ್ದವರ ಪಾಡು ಕೇಳಬೇಡಿ. ಹಾಗಾಗಿ ಮಾರುವ ದೇಶ ಯಾವುದು ಎಂದು ತೀರ್ಮಾನಿಸಿಯೇ ಚಿಪ್ ಕೊಳ್ಳಿ.

ಆಮೇಲೆ ಪಿಕ್ಸ್ ಎಂಬ ಪಟ್ಟಿ ತುಂಬಿ. ಸ್ಟ್ಯಾಂಡರ್ಡ್‌ನ ಯಾವ ಯಾವ ಅಂಶ ನಿಮ್ಮ ಪೆಟ್ಟಿಗೆಯಲ್ಲಿದೆ, ಯಾವುದು ಇಲ್ಲ ಎಂದು ಒಂದೊಂದಾಗಿ ಹೇಳುವ ಹಾಳೆ ಅದು. ಇದನ್ನು ನೋಡಿಯೇ ಲ್ಯಾಬ್ ಯಾವ ಟೆಸ್ಟ್ ಮಾಡಬೇಕೆಂದು ನಿರ್ಧರಿಸುತ್ತದೆ. ಸುಮ್ನೆ ಎಲ್ಲಕ್ಕೂ ಹೌದು ಎಂದು ಟಿಕ್ ಹಾಕಬೇಡಿ. ಇಲ್ಲದ ಸೌಲಭ್ಯಕ್ಕೂ ಟೆಸ್ಟ್ ನಡೆದು ಫೇಲ್ ಆಗುತ್ತೀರಿ, ಫೀಸೂ ಹೋಗುತ್ತದೆ. ಪಟ್ಟಿ ಕೊಟ್ಟ ದಿನದಿಂದ ಪೆಟ್ಟಿಗೆಯೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಮುಟ್ಟಬೇಡಿ.

ಲ್ಯಾಬ್‌ನಲ್ಲಿ ಮೊದಲು ರೇಡಿಯೊ ಪರೀಕ್ಷೆ: ಪವರ್ ಎಷ್ಟು, ಪಕ್ಕದ ಚಾನೆಲ್‌ಗೆ ಎಷ್ಟು ಸೋರುತ್ತದೆ ಇತ್ಯಾದಿ. ಒಳ್ಳೆಯ ಮಾಡ್ಯೂಲ್ ಕೊಂಡಿದ್ದರೆ ಇದು ಅಷ್ಟೇನೂ ಕಾಡುವುದಿಲ್ಲ. ನಂತರ ಐಇಇಇ 1609 ಸರಣಿಯ ಪ್ರೋಟೋಕಾಲ್, ಅಂದರೆ ಸಂದೇಶ ಸಾಗಿಸುವ ನಿಯಮಗಳ ಪರೀಕ್ಷೆ. ಜನ ಜಾಸ್ತಿ ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ.

ಸಂದೇಶದೊಳಗಿನ ಅಂಕಿಗಳು

ಸಂದೇಶಗಳ ವ್ಯಾಕರಣ ಎಸ್‌ಎಇ ಜೆ2735 ಎಂಬ ಸ್ಟ್ಯಾಂಡರ್ಡ್‌ನಲ್ಲಿದೆ. ಅದರಲ್ಲಿ ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಬರೆಯುವುದಿಲ್ಲ, ಸೆಕೆಂಡಿಗೆ 0.02 ಮೀಟರ್ ಒಂದು ಘಟಕ. ಉಪ್ಪಳ ದಾಟಿ 60 ಕಿ.ಮೀ. ವೇಗದಲ್ಲಿ ಹೋಗುವ ಕಾರು ಕಳಿಸುವ ಅಂಕಿ 833. ವೇಗ ಗೊತ್ತಿಲ್ಲದಿದ್ದರೆ 8191 ಕಳಿಸಬೇಕು. ಈ 8191ರ ಅರ್ಥ ತಿಳಿಯದ ಪೆಟ್ಟಿಗೆ ಅದನ್ನೂ 0.02ರಿಂದ ಗುಣಿಸುತ್ತದೆ. ಆಗ ಜಿಪಿಎಸ್ ಸಿಗದೆ ಸುಮ್ಮನೆ ನಿಂತ ಕಾರು ಗಂಟೆಗೆ 590 ಕಿ.ಮೀ. ವೇಗದಲ್ಲಿ ನುಗ್ಗಿ ಬರುವಂತೆ ಕಾಣುತ್ತದೆ. ಕಳಿಸಿದವನದು ತಪ್ಪಲ್ಲ, ಅಲ್ವಾ? ಅದಕ್ಕೇ ಕಳಿಸುವುದನ್ನು ಮಾತ್ರವಲ್ಲ, ಕೇಳಿಸಿಕೊಳ್ಳುವುದನ್ನೂ ಪರೀಕ್ಷಿಸಿ.

ಇನ್ನೊಂದು ನಮ್ಮ ದೇಶಕ್ಕೇ ವಿಶೇಷವಾಗಿ ತಟ್ಟುವಂಥದ್ದು. ಸಿಗ್ನಲ್ ಬದಲಾಗುವ ಹೊತ್ತನ್ನು, ಆ ಗಂಟೆ ಶುರುವಾಗಿ ಎಷ್ಟು ಕಾಲ ಕಳೆದಿರುತ್ತದೆ ಎಂದು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಕಳಿಸುತ್ತಾರೆ. ಗಂಟೆ ಎಂದರೆ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಗಡಿಯಾರದ ಗಂಟೆ. ನಮ್ಮ 10 ಗಂಟೆ 10 ನಿಮಿಷಕ್ಕೆ ಯುಟಿಸಿಯಲ್ಲಿ 4 ಗಂಟೆ 40 ನಿಮಿಷ. ಕಳಿಸಬೇಕಾದ ಅಂಕಿ 24000. ಪ್ರೋಗ್ರಾಂ ಬರೆದವರು ಸ್ಥಳೀಯ ಗಡಿಯಾರ ಹಿಡಿದರೆ 6000 ಹೋಗುತ್ತದೆ, ಅರ್ಧ ಗಂಟೆ ಆಚೀಚೆ. ಯುಟಿಸಿಗೂ ಊರಿನ ಗಡಿಯಾರಕ್ಕೂ ಪೂರ್ತಿ ಗಂಟೆಗಳ ಅಂತರ ಇರುವ ದೇಶದ ಲ್ಯಾಬ್‌ನಲ್ಲಿ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ನಿಮಿಷಗಳು ಒಂದೇ ಆಗಿರುತ್ತವೆ. ಹಾಗಾಗಿ ಪೆಟ್ಟಿಗೆಯನ್ನು ಭಾರತದ ಸಮಯಕ್ಕೆ ಇಟ್ಟು ಒಮ್ಮೆ ಊರಲ್ಲೇ ಪರೀಕ್ಷಿಸಿ.

ಬೋರ್ಡಿನಲ್ಲಿ ಕನ್ನಡ ಹಾಕಿ ಎಂದು ಅರ್ಜಿ ಬರೆದು ಸುಸ್ತಾದ ಕಾಸರಗೋಡಿನವರಿಗೆ ಒಂದು ಖುಷಿಯ ಮಾತೂ ಇಲ್ಲಿದೆ. ತಿರುವು, ಕಾಮಗಾರಿ ಇಂಥ ಎಚ್ಚರಿಕೆಗಳನ್ನು ಅಕ್ಷರದ ಬದಲು ಐಟಿಐಎಸ್ ಎಂಬ ಅಂಕಿ ಕೋಡ್‌ನಲ್ಲಿ ಕಳಿಸಬಹುದು. ಅದನ್ನು ಕನ್ನಡದಲ್ಲಿ ತೋರಿಸಬೇಕೋ ಮಲಯಾಳದಲ್ಲೋ ಎಂದು ಗಾಡಿಯ ಪರದೆ ನೋಡಿಕೊಳ್ಳುತ್ತದೆ. ರಸ್ತೆ ಬದಿಯ ಪೆಟ್ಟಿಗೆ ಮಾಡುವವರು ದಯವಿಟ್ಟು ಈ ಕೋಡ್‌ಗಳನ್ನೇ ಬಳಸಿ.

ಬೇರೆಯವರ ಪೆಟ್ಟಿಗೆಯ ಎದುರು

ಇಷ್ಟರವರೆಗೆ ನಡೆದದ್ದು ನಿಮ್ಮ ಪೆಟ್ಟಿಗೆಗೂ ಲ್ಯಾಬ್‌ನ ಯಂತ್ರಕ್ಕೂ ಮಾತುಕತೆ. ಅದರಲ್ಲಿ ಪಾಸಾದ ಎರಡು ಪೆಟ್ಟಿಗೆಗಳು ಪರಸ್ಪರ ಮಾತಾಡಿಯೇ ತೀರುತ್ತವೆ ಎಂಬ ಗ್ಯಾರಂಟಿ ಇಲ್ಲ. ಸ್ಟ್ಯಾಂಡರ್ಡ್‌ನಲ್ಲಿ ಐಚ್ಛಿಕ ಎಂದು ಬಿಟ್ಟ ಜಾಗಗಳು ಬಹಳ, ಒಬ್ಬೊಬ್ಬರು ಒಂದೊಂದು ಥರ ತುಂಬಿಸಿರುತ್ತಾರೆ. ಅದಕ್ಕೇ ಪ್ಲಗ್‌ಫೆಸ್ಟ್ ನಡೆಸುತ್ತಾರೆ. ಹಲವು ಕಂಪನಿಗಳು ತಮ್ಮ ಪೆಟ್ಟಿಗೆ ತಂದು, ಒಬ್ಬರಿಗೊಬ್ಬರು ಜೋಡಿಯಾಗಿ ಪರೀಕ್ಷಿಸುವ ಕೂಟ ಅದು. ಯುರೋಪಿನಲ್ಲಿ ಎಟ್ಸಿ ಸಂಸ್ಥೆಯೂ ಇಂಥದ್ದನ್ನೇ ಪ್ಲಗ್‌ಟೆಸ್ಟ್ ಹೆಸರಲ್ಲಿ ನಡೆಸುತ್ತದೆ. ಹೋಗುವಾಗ ಮಾರಾಟದವರನ್ನು ಮನೆಯಲ್ಲಿ ಬಿಟ್ಟು ಕೋಡ್ ಬರೆದವರನ್ನೇ ಕಳಿಸಿ. ಏನು ಹೋಯಿತು, ಏನು ಬಂತು ಎಂಬ ದಾಖಲೆಯನ್ನು, ಅಂದರೆ ಪ್ರತಿ ಜೋಡಿಯ ಲಾಗ್ ಉಳಿಸಿಕೊಳ್ಳಿ, ಎರಡೂ ಕಡೆಯದು. ಒಂದು ಕಡೆಯ ಲಾಗ್ ಇಟ್ಟುಕೊಂಡು ತಪ್ಪು ಯಾರದೆಂದು ಹುಡುಕಲಾಗುವುದಿಲ್ಲ.

ಸರ್ಟಿಫಿಕೇಟ್ ಎಂಬುದು ಇಲ್ಲಿ ಎರಡು ಬಗೆ, ಗೊಂದಲ ಬೇಡ. ಒಂದು ಲ್ಯಾಬ್ ಪರೀಕ್ಷೆ ಮುಗಿದ ಮೇಲೆ ಸಿಗುವುದು. ಇನ್ನೊಂದು ಪ್ರತಿ ಸಂದೇಶಕ್ಕೂ ಸಹಿ ಹಾಕಲು ಪೆಟ್ಟಿಗೆಯೊಳಗೆ ಇರುವ ಡಿಜಿಟಲ್ ಸರ್ಟಿಫಿಕೇಟ್. ಅದರ ನಿಯಮ ಐಇಇಇ 1609.2ರಲ್ಲಿದೆ. ಗಾಡಿಯ ಜಾಡು ಯಾರೂ ಹಿಡಿಯಬಾರದೆಂದು ಅದನ್ನು ಆಗಾಗ ಬದಲಿಸುತ್ತಿರಬೇಕು. ಸಹಿ ತಪ್ಪಿದ, ಅವಧಿ ಮೀರಿದ ಸಂದೇಶಗಳನ್ನು ನಿಮ್ಮ ಪೆಟ್ಟಿಗೆ ತಿರಸ್ಕರಿಸುತ್ತದೆಯೇ ಎಂದೂ ನೋಡಿ.

ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿಗೆ ಪೆಟ್ಟಿಗೆ ತಡೆಯುತ್ತದೆಯೇ ಎಂಬುದಕ್ಕೆ ಮೇಲಿನ ಯಾವ ಸಂದೇಶ ಪರೀಕ್ಷೆಯೂ ಉತ್ತರ ಕೊಡುವುದಿಲ್ಲ. ನೀರು, ತುಕ್ಕಿನ ಟೆಸ್ಟ್ ರಿಪೋರ್ಟ್ ಬೇರೆ ಮಾಡಿಸಿ.

ಇನ್ನು ಕೊಳ್ಳುವವರಿಗೆ. ಕೈಗೆ ಬಂದ ಸರ್ಟಿಫಿಕೇಟ್‌ನಲ್ಲಿ ಮಾಡೆಲ್ ಹೆಸರು ನೋಡಿ ತೃಪ್ತರಾಗಬೇಡಿ. ಹಾರ್ಡ್‌ವೇರ್ ಯಾವ ಆವೃತ್ತಿ, ಫರ್ಮ್‌ವೇರ್ ಯಾವುದು, ಜೆ2735ರ ಯಾವ ವರ್ಷದ ಮುದ್ರಣಕ್ಕೆ ಪರೀಕ್ಷೆ ನಡೆದಿದೆ ಎಂದು ಓದಿ. ಕಂಬದ ಮೇಲಿರುವ ಪೆಟ್ಟಿಗೆಯ ಫರ್ಮ್‌ವೇರ್ ನಂಬರ್ ಅದಕ್ಕೆ ಹೊಂದದಿದ್ದರೆ ಬಿಲ್ ಪಾಸ್ ಮಾಡಬೇಡಿ. ಅಪ್‌ಡೇಟ್ ಹಾಕಿದಾಗ ಮರುಪರೀಕ್ಷೆಯ ಖರ್ಚು ಯಾರದು ಎಂಬುದನ್ನೂ ಟೆಂಡರಿನಲ್ಲೇ ಬರೆಸಿಕೊಳ್ಳಿ.