ಅಣಬೆ ಬೀಜ ಹಳಸಿದ್ದಕ್ಕೆ ಮೂರು ಮದ್ದು, ನನ್ನ ಅನುಭವ

ಸಿಂಪಿ ಅಣಬೆಗೆ ಮನೆಯಲ್ಲೇ ಬೀಜ (ಸ್ಪಾನ್ ಅಂತಾರಲ್ಲ, ಅದೇ) ಮಾಡಲು ಹೋದ ಮೊದಲ ಸಲ ಹತ್ತು ಪ್ಯಾಕೆಟ್‌ನಲ್ಲಿ ಎಂಟು ಕೆಟ್ಟವು. ಬಿಳಿ ದಾರ ಹಬ್ಬಬೇಕಿದ್ದ ಜೋಳದ ಕಾಳು ಲೋಳೆಯಾಗಿ ಕವರ್‌ಗೆ ಅಂಟಿತ್ತು. ಬಿಚ್ಚಿದರೆ ಹಳಸಿದ ಅನ್ನದ ಹುಳಿ ವಾಸನೆ. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಕೆಲಸ ಅದು.

ಅಣಬೆ ಬೆಳೆಸುವ ಬತ್ತದ ಹುಲ್ಲನ್ನು 80 ಡಿಗ್ರಿ ನೀರಲ್ಲಿ ಒಂದೆರಡು ಗಂಟೆ ಅದ್ದಿದರೆ ಸಾಕಾಗುತ್ತೆ, ಅದೇ ಧೈರ್ಯದಲ್ಲಿ ಜೋಳವನ್ನೂ ಒಂದು ಗಂಟೆ ಕುದಿಸಿ ಇಟ್ಟಿದ್ದೆ. ಹುಲ್ಲಲ್ಲಿ ಬ್ಯಾಕ್ಟೀರಿಯಾಗೆ ಊಟ ಕಡಿಮೆ, ಅಣಬೆನೇ ಗೆಲ್ಲುತ್ತೆ. ಜೋಳ ಅಂದ್ರೆ ಹಬ್ಬದೂಟ! ಅದೂ ಅಲ್ಲದೆ ಬೆಂಗಳೂರಿನ ಎತ್ತರಕ್ಕೆ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಬ್ಯಾಕ್ಟೀರಿಯಾ ಸಾಯುತ್ತೆ, ಅದರ ಸ್ಪೋರ್ (ಗಟ್ಟಿ ಕವಚದೊಳಗೆ ಮಲಗಿರುವ ಅದರ ರೂಪ) ಸಾಯಲ್ಲ.

ಆಮೇಲೆ ವಿಜ್ಞಾನಿ ಜಾನ್ ಟಿಂಡಾಲ್ 1870ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಹಿಡಿದೆ. ದಿನಕ್ಕೊಂದು ಗಂಟೆಯಂತೆ ಮೂರು ದಿನ ಕುದಿಸುವುದು. ನಡುವಿನ ಬಿಡುವಲ್ಲಿ ಸ್ಪೋರ್ ಮೊಳೆಯುತ್ತೆ, ಮೊಳೆತ ಮೇಲೆ ಅದಕ್ಕೆ ಬಿಸಿ ತಡೆಯುವ ಶಕ್ತಿ ಇರಲ್ಲ, ಮಾರನೆಯ ಕುದಿಯಲ್ಲಿ ಸಾಯುತ್ತೆ. ಜನವರಿ ಚಳಿಯಲ್ಲಿ ಪ್ಯಾಕೆಟ್‌ಗಳನ್ನು ಹಿತ್ತಲಲ್ಲಿ ಬಿಟ್ಟಿದ್ದೆ, ಸ್ಪೋರ್ ಏಳಲೇ ಇಲ್ಲ, ಅರ್ಧ ಕೆಟ್ಟವು. ಗೋಣಿಚೀಲ ಸುತ್ತಿ ಒಳಗಿಟ್ಟ ಸಲ ಪರವಾಗಿಲ್ಲ. ಆದರೆ ಮೂರು ದಿನದ ಗ್ಯಾಸ್ ಖರ್ಚು ನೋಡಿ ಮನೆಯಲ್ಲಿ ಬೈಗುಳ.

ಕೊನೆಗೆ ದೊಡ್ಡ ಪ್ರೆಶರ್ ಕುಕ್ಕರ್ ತಂದೆ. 15 ಪಿಎಸ್‌ಐ ಒತ್ತಡ, ಸುಮಾರು 120 ಡಿಗ್ರಿ. ಸ್ಪೋರ್ ಸಾಯಲು ಈ ಬಿಸಿ ಬೇಕು. ಅಲ್ಲೂ ಒಂದು ಸಲ ಎಡವಿದೆ. ಹಬೆ ಬರುವ ಮುಂಚೆಯೇ ವೆಯ್ಟ್ ಹಾಕಿಬಿಟ್ಟಿದ್ದೆ, ಒಳಗೆ ಗಾಳಿ ಉಳಿದರೆ ಮುಳ್ಳು 15 ತೋರಿಸಿದರೂ ಬಿಸಿ ಅಷ್ಟಿರಲ್ಲ. ಈಗ ಹತ್ತು ನಿಮಿಷ ಹಬೆಯನ್ನು ಸುಮ್ನೆ ಬಿಟ್ಟು, ಆಮೇಲೆ ವೆಯ್ಟ್ ಹಾಕಿ ಅಲ್ಲಿಂದ ಲೆಕ್ಕ ಹಿಡಿಯುತ್ತೇನೆ. ಅರ್ಧ ಕೆಜಿ ಪ್ಯಾಕೆಟ್‌ಗೆ ಒಂದೂವರೆ ಗಂಟೆ, ಯಾಕೆಂದರೆ ನಡುವಿನ ಕಾಳಿಗೆ ಬಿಸಿ ತಲುಪುವುದೇ ತಡ. ಅನ್ನಕ್ಕೆ ಎಣಿಸುವಂತೆ ಕೂಗು ಎಣಿಸಿ ಇಳಿಸಿದರೆ ಕೆಲಸ ಕೆಟ್ಟ ಹಾಗೇ.

ಕುಕ್ಕರ್ ಬಂದ ಮೇಲೂ ಜೋಳವನ್ನು ಹಿಂದಿನ ರಾತ್ರಿ ನೆನೆಹಾಕುವುದನ್ನು ಬಿಟ್ಟಿಲ್ಲ. ನೆನೆದಾಗಲೇ ಒಂದಷ್ಟು ಸ್ಪೋರ್ ಎದ್ದಿರುತ್ತೆ, ಕೊಲ್ಲುವುದು ಸುಲಭ. ಪ್ರತಿ ಸಲ ಒಂದು ಪ್ಯಾಕೆಟ್‌ಗೆ ಅಣಬೆ ಹಾಕದೆ ಮೂರು ದಿನ ಬೆಚ್ಚಗಿಟ್ಟು ನೋಡುತ್ತೇನೆ. ಅದರಲ್ಲಿ ಲೋಳೆ ಕಂಡರೆ ಆ ಸಲದ್ದೆಲ್ಲ ಸೀದಾ ತಿಪ್ಪೆಗೆ.